ಪಾಡ್‌ಕಾಸ್ಟ್ ಕೇಳಿ: ಸಾಮಾನು ಕಡಿಮೆ, ಹಿತ ಹೆಚ್ಚು, ಹಿತ್ತಲಿಗೆ ತೆರೆದುಕೊಳ್ಳುವ ಮನೆ ಕಟ್ಟುವುದು ಹೇಗೆ?

ಇವತ್ತಿನ ಸಂಚಿಕೆಯಲ್ಲಿ ಮನೆ ಕಟ್ಟೋದರ ಬಗ್ಗೆ ಮಾತಾಡೋಣ. ಕಟ್ಟೋದು ಅಂದ ಕೂಡಲೇ ಸಿಮೆಂಟು, ಕಬ್ಬಿಣದ ರೇಟು ಅಂತ ಶುರು ಮಾಡ್ತೀನಿ ಅಂದ್ಕೋಬೇಡಿ. ಮನೇಲಿ ಸಾಮಾನು ಕಡಿಮೆ ಇರಬೇಕು, ನೋಡೋಕೆ ಸರಳವಾಗಿರಬೇಕು, ಆದರೆ ಆಸ್ಪತ್ರೆ ಥರ ತಣ್ಣಗೆ, ಬೋಳಾಗಿ ಇರಬಾರದು. ಬಾಗಿಲು ತೆಗೆದ್ರೆ ಗಿಡ ಮರ ಕೈಗೆ ಸಿಗಬೇಕು. ಇಂಥ ಮನೆ ಬೇಕು ಅಂತ ನನ್ನ ಹತ್ತಿರ ಬರೋರು ಈಗ ಜಾಸ್ತಿಯಾಗಿದ್ದಾರೆ. ನಾನು ವೃತ್ತಿಯಿಂದ ಆರ್ಕಿಟೆಕ್ಟ್. ಆದರೆ ಈ ಪಾಠ ನಾನು ಸರಿಯಾಗಿ ಕಲಿತದ್ದು ನನ್ನ ಸ್ವಂತ ಮನೆಯವರಿಂದ, ಅದೂ ಜಗಳ ಆಡಿ.

ಮೈಸೂರಿನಲ್ಲಿ ನಮ್ಮಪ್ಪ ಕಟ್ಟಿಸಿದ್ದ ಮನೆ ಇತ್ತು. 40x60 ಸೈಟು, ಪೂರ್ವಕ್ಕೆ ರಸ್ತೆ. ಮುಂದೆ ಸಣ್ಣ ಮನೆ, ಹಿಂದೆ ದೊಡ್ಡ ಹಿತ್ತಲು. ಹಿತ್ತಲಲ್ಲಿ ಒಂದು ಮಾವಿನ ಮರ, ಬಟ್ಟೆ ಒಗೆಯೋ ಕಲ್ಲು, ಕರಿಬೇವು. ಅಪ್ಪ ಹೋದ ಮೇಲೆ ಮನೆ ಸೋರೋಕೆ ಶುರುವಾಯ್ತು. ತಮ್ಮನಿಗೆ ಇಬ್ಬರು ಮಕ್ಕಳು, ಜಾಗ ಸಾಲ್ತಿರಲಿಲ್ಲ. ಒಡೆದು ಹೊಸದು ಕಟ್ಟೋದು ಅಂತ ತೀರ್ಮಾನ ಆಯ್ತು. ತಮ್ಮ ಒಬ್ಬ ಕಂಟ್ರಾಕ್ಟರ್ ಹತ್ತಿರ ಒಂದು ಪ್ಲಾನೂ ಬರೆಸಿಬಿಟ್ಟಿದ್ದ. ಸೈಟು ಪೂರ್ತಿ ಮನೆ, ಸುತ್ತ ನಾಲ್ಕೈದು ಅಡಿ ಸೆಟ್‌ಬ್ಯಾಕು, ಮೇಲೊಂದು ಮಹಡಿ, ಅದರ ಮೇಲೆ ಬಾಡಿಗೆ ಮನೆ. ಮಾವಿನ ಮರ ಇದ್ದ ಜಾಗದಲ್ಲಿ ಅಟ್ಯಾಚ್ಡ್ ಬಾತ್‌ರೂಮು.

ಅಮ್ಮ ಪ್ಲಾನ್ ನೋಡಿದ್ರು. ಬೇಡ ಅನ್ನಲಿಲ್ಲ. "ಮನೆ ನಿಮ್ಮಿಷ್ಟದಂತೆ ಕಟ್ಕೊಳ್ಳಿ. ಬೆಳಗ್ಗೆ ಕಾಫಿ ಲೋಟ ಹಿಡ್ಕೊಂಡು ನಾನು ಎಲ್ಲಿ ಕೂತ್ಕೋಬೇಕು, ಅದನ್ನ ಮಾತ್ರ ಇದ್ರಲ್ಲಿ ತೋರ್ಸಿ" ಅಂದ್ರು. ತಮ್ಮ ಹಾಲ್ ತೋರಿಸಿದ, ಬಾಲ್ಕನಿ ತೋರಿಸಿದ. ಅಮ್ಮ ಸುಮ್ಮನೆ ಹಾಳೆ ಮಡಚಿ ಟೀಪಾಯಿ ಮೇಲಿಟ್ಟು ಎದ್ದು ಹೋದ್ರು. ಆ ರಾತ್ರಿ ತಮ್ಮ ನನಗೆ ಫೋನ್ ಮಾಡಿ, "ಅಕ್ಕಾ, ನೀನೇ ಏನಾದ್ರೂ ಮಾಡು" ಅಂದ.

ನಾನು ಮಾಡಿದ್ದ ಒಂದು ತಪ್ಪು

ಮುಂದಿನದು ಹೇಳೋಕೆ ಮೊದಲು ನನ್ನದೇ ಒಂದು ತಪ್ಪು ಒಪ್ಕೋಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೆಂಗಳೂರಿನ ಒಂದು ಕುಟುಂಬಕ್ಕೆ ಮನೆ ವಿನ್ಯಾಸ ಮಾಡಿದ್ದೆ. ಬಿಳಿ ಗೋಡೆ, ಹೊಳೆಯೋ ಬಿಳಿ ಟೈಲ್ಸು, ಹಿಂದಿನ ತೋಟದ ಕಡೆಗೆ ನೆಲದಿಂದ ಸೂರಿನವರೆಗೂ ಗಾಜು. ಫೋಟೊದಲ್ಲಿ ತುಂಬಾ ಚೆನ್ನಾಗಿ ಬಂತು. ಆರು ತಿಂಗಳು ಬಿಟ್ಟು ಹೋಗಿ ನೋಡ್ತೀನಿ, ಗಾಜಿಗೆಲ್ಲ ದಪ್ಪ ಪರದೆ, ಮೇಲುಗಡೆ ದಿನಪತ್ರಿಕೆ ಅಂಟಿಸಿದ್ದಾರೆ. ತೋಟ ಪಶ್ಚಿಮಕ್ಕಿತ್ತು. ಮಧ್ಯಾಹ್ನ ಎರಡರ ಮೇಲೆ ಆ ಹಾಲಲ್ಲಿ ಕೂರೋಕೆ ಆಗ್ತಿರಲಿಲ್ಲ. ಮನೆಯ ಅಜ್ಜಿ ಸ್ಟೋರ್ ರೂಮಿನಲ್ಲಿ ಅಕ್ಕಿ ಮೂಟೆ ಪಕ್ಕ ಚಾಪೆ ಹಾಕ್ಕೊಂಡು ಮಲಗ್ತಿದ್ರು. ಇಡೀ ಮನೆಯಲ್ಲಿ ತಂಪಾಗಿದ್ದ ಜಾಗ ಅದೊಂದೇ.

ಗಾಜಿನ ಕಥೆ ಏನು ಅಂದ್ರೆ, ಬಿಸಿಲಿನ ಬೆಳಕು ಗಾಜನ್ನು ಸುಲಭವಾಗಿ ದಾಟಿ ಒಳಗೆ ಬರುತ್ತೆ. ನೆಲ, ಗೋಡೆ, ಸೋಫಾ ಅದನ್ನ ಹೀರಿಕೊಂಡು ಕಾಯುತ್ತವೆ. ಕಾದ ವಸ್ತುಗಳು ಹೊರಸೂಸೋ ಶಾಖ ಮಾತ್ರ ಅದೇ ಗಾಜನ್ನು ಅಷ್ಟು ಸುಲಭವಾಗಿ ದಾಟಿ ಹೊರಗೆ ಹೋಗಲ್ಲ. ಒಳಗಡೆ ಪರದೆ ಎಳೆದರೆ ಉಪಯೋಗ ಸ್ವಲ್ಪವೇ, ಯಾಕಂದ್ರೆ ಬಿಸಿ ಆಗಲೇ ಮನೆ ಒಳಗೆ ಬಂದಾಗಿದೆ. ಬಿಸಿಲನ್ನ ತಡೀಬೇಕಾದ್ದು ಗಾಜಿನ ಹೊರಗೆ. ಸಜ್ಜಾ, ಜಗಲಿ, ಮರ, ಇವು ಮಾಡೋ ಕೆಲಸ ಅದೇ.

ತೋಟ ಕಾಣಿಸೋದು ಬೇರೆ, ತೋಟದ ಜೊತೆ ಬದುಕೋದು ಬೇರೆ. ನಾನು ಅವರಿಗೆ ತೋಟದ ಒಂದು ದೊಡ್ಡ ಫೋಟೊ ಕೊಟ್ಟಿದ್ದೆ ಅಷ್ಟೆ.

ಮೊದಲು ಸೂರ್ಯನನ್ನ ಕೇಳಿ

ಸರಿ, ಮೈಸೂರಿಗೆ ಬರೋಣ. ಮೈಸೂರು ಇರೋದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇದೊಂದು ಅಂಕಿಯಿಂದ ಮನೆಯ ಅರ್ಧ ವಿನ್ಯಾಸ ಹೊರಡುತ್ತೆ. ಹೇಗೆ ಅಂತ ನೋಡಿ. ಡಿಸೆಂಬರ್‌ನಲ್ಲಿ ನಡುಮಧ್ಯಾಹ್ನ ಸೂರ್ಯ ನಮಗೆ ದಕ್ಷಿಣಕ್ಕೆ ವಾಲಿರ್ತಾನೆ, ನೆಲದಿಂದ ಸುಮಾರು 54 ಡಿಗ್ರಿ ಎತ್ತರದಲ್ಲಿ. ಮಾರ್ಚ್ ಮೂರನೇ ವಾರಕ್ಕೆ 78 ಡಿಗ್ರಿ ಹತ್ತಿರ. ಏಪ್ರಿಲ್ ಕೊನೆಗೆ ನೆತ್ತಿ ಮೇಲೆ. ಜೂನ್‌ನಲ್ಲಿ ನೆತ್ತಿಯಿಂದ 11 ಡಿಗ್ರಿ ಉತ್ತರಕ್ಕೆ ಸರಿದಿರ್ತಾನೆ.

ಈಗ ದಕ್ಷಿಣದ ಗೋಡೆಗೆ ಮೂರು ಅಡಿ ಸಜ್ಜಾ ಹಾಕಿದ್ರೆ ಏನಾಗುತ್ತೆ? ಡಿಸೆಂಬರ್ ಮಧ್ಯಾಹ್ನ ಅದರ ನೆರಳು ಕೆಳಗೆ ನಾಲ್ಕು ಅಡಿಯವರೆಗೆ ಮಾತ್ರ ಬೀಳುತ್ತೆ. ಅಂದ್ರೆ ಕಿಟಕಿಯ ಕೆಳಭಾಗದಿಂದ ಬಿಸಿಲು ಒಳಗೆ ಬರುತ್ತೆ, ಚಳಿಗಾಲಕ್ಕೆ ಅದು ಹಿತ. ಮಾರ್ಚ್ ಮಧ್ಯಾಹ್ನ ಅದೇ ಸಜ್ಜಾ ಹದಿಮೂರು ಅಡಿಯಷ್ಟು ನೆರಳು ಕೊಡುತ್ತೆ. ಗೋಡೆ ಪೂರ್ತಿ ನೆರಳಲ್ಲಿ. ಕರೆಂಟು ಇಲ್ಲ, ಮೋಟರ್ ಇಲ್ಲ, ವರ್ಷಪೂರ್ತಿ ತಾನಾಗೇ ಕೆಲಸ ಮಾಡುತ್ತೆ.

ಪೂರ್ವ ಪಶ್ಚಿಮದ ಗೋಡೆಗೆ ಈ ಲೆಕ್ಕ ನಡೆಯಲ್ಲ. ಬೆಳಗ್ಗೆ ಸಂಜೆ ಸೂರ್ಯ ಕೆಳಗಿರ್ತಾನೆ, ಸಜ್ಜಾದ ಅಡಿಯಿಂದ ನುಗ್ಗಿ ಬರ್ತಾನೆ. ಬೆಳಗಿನ ಬಿಸಿಲು ತಡ್ಕೋಬಹುದು. ಪಶ್ಚಿಮದ್ದು ಬಹಳ ಕಷ್ಟ, ಯಾಕಂದ್ರೆ ಆ ಹೊತ್ತಿಗೆ ಗಾಳಿಯೂ ಕಾದಿರುತ್ತೆ, ಮನೆಯೂ ಕಾದಿರುತ್ತೆ. ಅಲ್ಲಿ ಬೇಕಾದ್ದು ಆಳವಾದ ಜಗಲಿ, ಇಲ್ಲಾಂದ್ರೆ ಎದುರಿಗೆ ನಿಂತ ಮರ.

ನಮ್ಮ ಮಾವಿನ ಮರ ಎಲ್ಲಿತ್ತು? ಹಿತ್ತಲಲ್ಲಿ, ಅಂದ್ರೆ ಪಶ್ಚಿಮಕ್ಕೆ. ಮಾವು ಎಲೆ ಪೂರ್ತಿ ಉದುರಿಸೋ ಮರ ಅಲ್ಲ. ಏಪ್ರಿಲ್ ಬಿಸಿಲಲ್ಲೂ ಕೊಡೆ ಹಿಡಿದ ಹಾಗೆ ದಟ್ಟವಾಗಿರುತ್ತೆ. ಇಷ್ಟು ವರ್ಷ ಅದು ನಮ್ಮನೆಯ ಏಸಿ ಆಗಿತ್ತು. ನಮಗೆ ಗೊತ್ತಿರಲಿಲ್ಲ, ಯಾಕಂದ್ರೆ ಅದಕ್ಕೆ ಬಿಲ್ ಬರ್ತಿರಲಿಲ್ಲ.

ಇದನ್ನ ತಮ್ಮನಿಗೆ ಹೇಳಿದೆ. "ಮರ ಉಳಿಸ್ಕೊಳ್ಳೋದು ಅಮ್ಮನ ಸೆಂಟಿಮೆಂಟಿಗೆ ಅಲ್ಲ ಕಣೋ, ನಿನ್ನ ಮಕ್ಕಳು ಮಧ್ಯಾಹ್ನ ನಿದ್ದೆ ಮಾಡೋಕೆ" ಅಂದೆ. "ಎಷ್ಟು ಜಾಗ ಹೋಗುತ್ತೆ, ಅದನ್ನ ಹೇಳು" ಅಂದ ಅವನು. ನ್ಯಾಯವಾದ ಪ್ರಶ್ನೆ.

ಮೂರೂವರೆ ಚದರದ ಜಗಳ

ಲೆಕ್ಕ ಹೇಳ್ತೀನಿ. ನಮ್ಮ ಕಡೆ ಮನೆಯನ್ನ ಚದರದಲ್ಲಿ ಅಳೀತಾರೆ, ಒಂದು ಚದರ ಅಂದ್ರೆ ನೂರು ಚದರ ಅಡಿ. ಕಂಟ್ರಾಕ್ಟರ್ ಪ್ಲಾನಿನಲ್ಲಿ ನೆಲಮಹಡಿ 32 ಅಡಿ ಅಗಲ, 46 ಅಡಿ ಉದ್ದ. ಹತ್ತಿರ ಹತ್ತಿರ ಹದಿನೈದು ಚದರ. ಸೈಟಿನಲ್ಲಿ ಉಳಿದದ್ದು 928 ಚದರ ಅಡಿ. ಕೇಳೋಕೆ ತುಂಬಾ ಜಾಗ ಅನ್ಸುತ್ತೆ. ಆದರೆ ಅದು ಇದ್ದದ್ದು ಮನೆ ಸುತ್ತ ಪಟ್ಟಿ ಪಟ್ಟಿಯಾಗಿ. ಅಂಥ ಪಟ್ಟಿಯಲ್ಲಿ ಏನಿರುತ್ತೆ ನಿಮಗೇ ಗೊತ್ತು. ಗ್ಯಾಸ್ ಸಿಲಿಂಡರು, ಹಳೇ ಬಕೆಟ್ಟು, ಮುರಿದ ಸೈಕಲ್ಲು. ಯಾರೂ ಅಲ್ಲಿ ಕೂರಲ್ಲ.

ನಾನು ಮಾಡಿದ್ದು ಇಷ್ಟೇ. ಮೂರು ಕಡೆ ಅದೇ ಸೆಟ್‌ಬ್ಯಾಕು ಹಾಗೇ ಬಿಟ್ಟೆ. ನೈಋತ್ಯ ಮೂಲೆಯಲ್ಲಿ, ಮರ ಇದ್ದ ಕಡೆ, 18 ಅಡಿಗೆ 20 ಅಡಿ ಮನೆಯಿಂದ ಕತ್ತರಿಸಿ ತೆಗೆದೆ. ಆ ಜಾಗಕ್ಕೆ ಅಕ್ಕಪಕ್ಕದ ಸೆಟ್‌ಬ್ಯಾಕು ಸೇರಿದಾಗ 22 ಅಡಿಗೆ 25 ಅಡಿಯ ಒಂದೇ ಹಿತ್ತಲು ಬಂತು, ಐದೂವರೆ ಚದರ. ಮನೆಯ ಆಕಾರ ಇಂಗ್ಲಿಷಿನ ಎಲ್ ಅಕ್ಷರದ ಥರ ಆಯ್ತು. ಮರವನ್ನ ಎರಡು ಕಡೆಯಿಂದ ಮನೆ ಅಪ್ಪಿಕೊಂಡ ಹಾಗೆ. ಕಳ್ಕೊಂಡದ್ದು 360 ಚದರ ಅಡಿ, ಮೂರೂವರೆ ಚದರಕ್ಕಿಂತ ಸ್ವಲ್ಪ ಜಾಸ್ತಿ.

ತಮ್ಮನಿಗೆ ಅದು ಕಡಿಮೆ ಅಲ್ಲ. "ಪ್ರತಿ ಮಹಡಿಗೂ ಒಂದೊಂದು ಬೆಡ್‌ರೂಮು ಹೋಯ್ತಲ್ಲಕ್ಕಾ. ಬಾಡಿಗೆ ಬಂದ್ರೆ ಸಾಲದ ಕಂತು ಕಟ್ತಿದ್ದೆ. ಈಗ ಯಾರು ಕಟ್ತಾರೆ, ಮಾವಿನ ಮರವಾ?" ಅಂತ ರೇಗಿದ. ನಾನು ಬೆಂಗಳೂರಲ್ಲಿ ಕೂತು ಗೆರೆ ಎಳೀತೀನಿ, ಪ್ರತಿ ತಿಂಗಳು ದುಡ್ಡು ಕಟ್ಟೋನು ಅವನು. ಎರಡು ವಾರ ನಾವಿಬ್ಬರೂ ಮಾತಾಡಲಿಲ್ಲ.

ಕೊನೆಗೆ ದಾರಿ ಸಿಕ್ಕಿದ್ದು ಖರ್ಚಿನ ಪಟ್ಟಿಯಲ್ಲಿ. ಫಾಲ್ಸ್ ಸೀಲಿಂಗ್ ಬೇಡ ಅಂದ್ವಿ. ಗೋಡೆಗೆಲ್ಲ ಪ್ಯಾನೆಲಿಂಗ್ ಬೇಡ. ಮುಂಭಾಗಕ್ಕೆ ಕಲ್ಲಿನ ಅಲಂಕಾರ ಬೇಡ. ಎರಡನೇ ಮಹಡಿಯೇ ಬೇಡ. ಹಳೇ ಮನೆಯ ತೇಗದ ಬಾಗಿಲು, ಕಿಟಕಿ ಚೌಕಟ್ಟು, ಮಂಗಳೂರು ಹೆಂಚು, ಸಾದರಹಳ್ಳಿ ಕಲ್ಲಿನ ಚಪ್ಪಡಿ, ಎಲ್ಲ ಬಿಚ್ಚಿಟ್ಟುಕೊಂಡ್ವಿ. ಮೊದಲ ಮಹಡಿಯ ಹಿಂಭಾಗದಲ್ಲಿ ಹೊರಗಿನಿಂದ ಮೆಟ್ಟಿಲು ಇರೋ ಒಂದೇ ಒಂದು ರೂಮು ಬಾಡಿಗೆಗೆ. ಅವನು ಅಂದುಕೊಂಡಿದ್ದ ಬಾಡಿಗೆಯ ಅರ್ಧಕ್ಕೂ ಕಡಿಮೆ ಬರುತ್ತೆ. ಆದರೆ ಸಾಲವೂ ಅಷ್ಟು ದೊಡ್ಡದಾಗಲಿಲ್ಲ. ಕಡಿಮೆ ಕಟ್ಟೋದು ಅಂದ್ರೆ ಮೊದಲನೆಯದಾಗಿ ಕಡಿಮೆ ಸಾಲ ಮಾಡೋದು.

ತೊಟ್ಟಿ ಮನೆ ಗೊತ್ತಿದ್ದೋರಿಗೆ ಇದು ಹೊಸದಲ್ಲ

ನೀವು ಕೇಳಬಹುದು, ಇದೆಲ್ಲ ಹೊಸ ಫ್ಯಾಷನ್ನಾ ಅಂತ. ಅಲ್ಲ. ಹಳೇ ಮೈಸೂರು ಕಡೆಯ ತೊಟ್ಟಿ ಮನೆ ನೆನಪಿಸಿಕೊಳ್ಳಿ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಕಂಬದ ಪಡಸಾಲೆ, ಒಳಮುಖವಾಗಿ ಇಳಿಜಾರಾದ ಹೆಂಚಿನ ಮಾಡು. ಮಳೆ ನೀರು ತೊಟ್ಟಿಗೆ ಬೀಳುತ್ತೆ, ಬೆಳಕು ಎಲ್ಲ ಕೋಣೆಗೂ ಸಿಗುತ್ತೆ, ಬಿಸಿ ಗಾಳಿ ಮೇಲೆ ಹೋಗೋಕೆ ದಾರಿ ಇರುತ್ತೆ. ಪಡಸಾಲೆಯಲ್ಲಿ ಪೀಠೋಪಕರಣ ಅಂತ ಏನಿತ್ತು? ಒಂದು ಚಾಪೆ, ಒಂದು ಮಣೆ, ಎಲ್ಲೋ ಒಂದು ಉಯ್ಯಾಲೆ. ಊಟ ಆದ ಮೇಲೆ ಅದೇ ಜಾಗ ಮಲಗೋ ಜಾಗ. ಮಿನಿಮಲಿಸಂ ಅನ್ನೋ ಪದ ಬರೋಕೆ ಮೊದಲೇ ನಮ್ಮಜ್ಜಿಯರು ಅದನ್ನ ಗುಡಿಸಿ ಸಾರಿಸ್ತಿದ್ರು.

ಇಪ್ಪತ್ತನೇ ಶತಮಾನದ ದೊಡ್ಡ ವಾಸ್ತುಶಿಲ್ಪಿಗಳೂ ಇಲ್ಲಿಗೇ ಬಂದು ನಿಂತವರು. ಶ್ರೀಲಂಕಾದ ಜೆಫ್ರಿ ಬಾವಾ ಮೊದಲು ವಕೀಲರಾಗಿದ್ದವರು. 1940ರ ದಶಕದ ಕೊನೆಯಲ್ಲಿ ಬೆಂಟೋಟ ಹತ್ತಿರ ಲುನುಗಂಗಾ ಅನ್ನೋ ಹಳೇ ತೋಟ ಕೊಂಡು, 2003ರಲ್ಲಿ ತೀರಿಕೊಳ್ಳೋ ತನಕ ಹೆಚ್ಚು ಕಡಿಮೆ ಐವತ್ತು ವರ್ಷ ಅದನ್ನ ತಿದ್ದುತ್ತಲೇ ಇದ್ದರು. ಅಲ್ಲಿ ಮನೆ ಎಲ್ಲಿ ಮುಗೀತು, ತೋಟ ಎಲ್ಲಿ ಶುರುವಾಯ್ತು ಅಂತ ಗೆರೆ ಎಳೆಯೋಕೆ ಆಗಲ್ಲ. 1960ರ ದಶಕದ ಆರಂಭದಲ್ಲಿ ಅವರು ಕೊಲಂಬೊದಲ್ಲಿ ಏನಾ ಡಿ ಸಿಲ್ವ ಅವರಿಗೆ ಕಟ್ಟಿಕೊಟ್ಟ ಮನೆ ಅಂಗಳದ ಸುತ್ತ ಬೆಳೆದದ್ದು. ಜಾಗ ಮಾರಾಟವಾದಾಗ ಆ ಮನೆಯನ್ನ ಬಿಚ್ಚಿ ತಂದು ಲುನುಗಂಗಾದಲ್ಲಿ ಮತ್ತೆ ಕಟ್ಟಿದರು.

ನಮ್ಮ ಬೆಂಗಳೂರಿನಲ್ಲೇ ಇನ್ನೊಂದು ಉದಾಹರಣೆ ಇದೆ. ಚಾರ್ಲ್ಸ್ ಕೊರಿಯಾ 1980ರ ದಶಕದಲ್ಲಿ ಕೋರಮಂಗಲದಲ್ಲಿ ವಿನ್ಯಾಸ ಮಾಡಿದ ಮನೆ. ನಡುವೆ ಅಂಗಳ, ಸುತ್ತ ಕೋಣೆಗಳು. ಆಕಾಶಕ್ಕೆ ತೆರೆದ ಜಾಗವೂ ಒಂದು ಕೋಣೆಯೇ ಅನ್ನೋದು ಅವರ ಇಡೀ ಕೆಲಸದ ಹಿಂದಿದ್ದ ವಿಚಾರ. ನಮ್ಮ ಹವಾಮಾನದಲ್ಲಿ ದಿನದ ಎಷ್ಟೋ ಹೊತ್ತು ಹೊರಗೆ ಇರೋದೇ ಹಿತ. ಅಂದ ಮೇಲೆ ಅಂಗಳಕ್ಕೆ ಬಿಟ್ಟ ಜಾಗ ವೇಸ್ಟ್ ಆಗಲ್ಲ. ಗೋಡೆ, ಸೂರು, ಪೇಂಟಿನ ಖರ್ಚಿಲ್ಲದೆ ಸಿಕ್ಕ ಕೋಣೆ ಅದು.

40x60 ಸೈಟಿನಲ್ಲಿ ಪೂರ್ತಿ ತೊಟ್ಟಿ ಮಾಡೋದು ಕಷ್ಟ. ನಮ್ಮದು ಅರ್ಧ ತೊಟ್ಟಿ ಅಂತ ಇಟ್ಕೊಳ್ಳಿ. ಎರಡು ಕಡೆ ಮನೆ, ಎರಡು ಕಡೆ ಕಾಂಪೌಂಡು.

ಒಳಗೂ ಅಲ್ಲ, ಹೊರಗೂ ಅಲ್ಲ

ತೋಟಕ್ಕೂ ಮನೆಗೂ ಸಂಬಂಧ ಬೆಸೆಯೋದು ಜಗಲಿ. ಇದು ನನ್ನ ಗಟ್ಟಿ ಅಭಿಪ್ರಾಯ. ಗಾಜು ಕಣ್ಣಿಗೆ ಮಾತ್ರ ದಾರಿ ಕೊಡುತ್ತೆ, ಜಗಲಿ ಕಾಲಿಗೂ ಕೊಡುತ್ತೆ. ಜಗಲಿ ಕೆಲಸ ಮಾಡಬೇಕಾದ್ರೆ ಮೂರು ಅಳತೆ ಸರಿಯಾಗಿರಬೇಕು.

ಮೊದಲನೆಯದು ಆಳ. ನಾಲ್ಕು ಅಡಿ ಆಳದ ಜಗಲಿ ಓಡಾಡೋ ದಾರಿ ಆಗುತ್ತೆ, ಕೂರೋ ಜಾಗ ಆಗಲ್ಲ. ನಾವು ಎಂಟು ಅಡಿ ಇಟ್ವಿ. ಒಂದು ಮಂಚ ಅಡ್ಡಕ್ಕೆ ಹಾಕಿ, ಪಕ್ಕದಲ್ಲಿ ಜನ ಓಡಾಡಬಹುದು. ಎರಡನೆಯದು ಎತ್ತರ. ಜಗಲಿಯ ಅಂಚು ಹಿತ್ತಲ ಮಣ್ಣಿನಿಂದ ಒಂದೂವರೆ ಅಡಿ ಮೇಲಿದ್ರೆ ಅದೇ ಕುರ್ಚಿ. ಕಾಲು ಇಳಿಬಿಟ್ಟು ಕೂರಬಹುದು, ಬೇರೆ ಬೆಂಚು ಬೇಕಿಲ್ಲ. ಅಮ್ಮನ ಮಂಡಿ ನೋವಿಗಾಗಿ ಒಂದು ಕಡೆ ಆರಾರು ಇಂಚಿನ ಅಗಲ ಮೆಟ್ಟಿಲು, ಹಿಡ್ಕೊಳ್ಳೋಕೆ ಒಂದು ಕಂಬ. ಮೂರನೆಯದು ಸೂರಿನ ಇಳಿಜಾರು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಗಾಳಿ ಪಶ್ಚಿಮ, ನೈಋತ್ಯದಿಂದ. ಮಳೆ ಎರಚಲು ಹೊಡೆಯೋದೂ ಅಲ್ಲಿಂದಲೇ. ಜಗಲಿ ಮಾಡು ಕೆಳಕ್ಕೆ ಬಾಗಿರಬೇಕು. ಅದಕ್ಕೆ ಹಳೇ ಮಂಗಳೂರು ಹೆಂಚನ್ನೇ ಹಾಕಿದ್ವಿ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಅಲ್ಲಿಂದ ಇಲ್ಲಿವರೆಗೂ ಆ ಹೆಂಚಿನ ಆಕಾರ ಹೆಚ್ಚು ಬದಲಾಗಿಲ್ಲ. ಹಾಗಾಗಿ ಒಡೆದ ಹೆಂಚಿಗೆ ಬದಲಿ ಈಗಲೂ ಸಿಗುತ್ತೆ.

ಇನ್ನೊಂದು ವಿಷಯ. ಮುಂಬಾಗಿಲು, ಹಾಲು, ಜಗಲಿ ಬಾಗಿಲು ಒಂದೇ ಗೆರೆಯಲ್ಲಿವೆ. ಗೇಟು ತೆಗೆದವರಿಗೆ ಮನೆಯೊಳಗಿನಿಂದ ಮಾವಿನ ಮರದ ಬೊಡ್ಡೆ ಕಾಣುತ್ತೆ. ಮಳೆಗಾಲದಲ್ಲಿ ಗಾಳಿ ಹಿಂದಿನಿಂದ ಮುಂದಕ್ಕೆ, ಚಳಿಗಾಲದಲ್ಲಿ ಮುಂದಿನಿಂದ ಹಿಂದಕ್ಕೆ. ಪಶ್ಚಿಮದ ಗೋಡೆಗೆ ಇರೋದು ಈ ಬಾಗಿಲೊಂದೇ, ದೊಡ್ಡ ಗಾಜಿಲ್ಲ. ಅಮ್ಮನ ಕೋಣೆಗೆ ಮಾತ್ರ ಹಿತ್ತಲ ಕಡೆ, ದಕ್ಷಿಣಕ್ಕೆ, ಅಗಲವಾದ ಕಿಟಕಿ. ಮೇಲೆ ಮೂರು ಅಡಿ ಸಜ್ಜಾ. ಆಗ ಹೇಳಿದ ಲೆಕ್ಕ ಇಲ್ಲಿಗೇ.

ಪಾಯ ತೋಡುವಾಗ ಮರದ ಹತ್ತಿರ ಜೆಸಿಬಿ ಬಿಡಲಿಲ್ಲ. ಕೈಯಲ್ಲೇ ಅಗೆಸಿದ್ವಿ. ಉದ್ದಕ್ಕೆ ಕಂದಕ ತೋಡೋ ಬದಲು ಕಂಬಗಳ ಪಾಯ ಹಾಕಿಸಿ, ದಪ್ಪ ಬೇರು ಅಡ್ಡ ಬಂದ ಕಡೆ ಗುಂಡಿಯನ್ನೇ ಸ್ವಲ್ಪ ಪಕ್ಕಕ್ಕೆ ಸರಿಸಿದ್ವಿ. ಮೇಸ್ತ್ರಿಗೆ ಬೇಜಾರಾಯ್ತು, ನಾಲ್ಕು ದಿನ ಜಾಸ್ತಿ ಹಿಡೀತು.

ಗೊಂಬೆ ಪೆಟ್ಟಿಗೆಗಳನ್ನ ಎಲ್ಲಿಡೋದು?

ಈಗ ಸಾಮಾನಿನ ವಿಷಯ. ಮಿನಿಮಲ್ ಅಂದ ಕೂಡಲೇ ಎಲ್ಲ ಎಸೆದುಬಿಡಿ ಅಂತ ಹೇಳೋರಿದ್ದಾರೆ. ನಮ್ಮ ಕುಟುಂಬಗಳಲ್ಲಿ ಅದು ಆಗದ ಮಾತು. ನಮ್ಮನೇಲಿ ದಸರಾ ಗೊಂಬೆ ಕೂರಿಸ್ತಾರೆ. ಪಟ್ಟದ ಗೊಂಬೆಯಿಂದ ಹಿಡಿದು ಎಂಟು ಟ್ರಂಕು, ಜೊತೆಗೆ ಮರದ ಮೆಟ್ಟಿಲುಗಳು. ವರ್ಷಕ್ಕೆ ಹತ್ತು ದಿನ ಬೇಕು, ಉಳಿದ ದಿನ ಎಲ್ಲೋ ಇರಬೇಕು. ನೆಂಟರ ಹಾಸಿಗೆ, ದೊಡ್ಡ ಪಾತ್ರೆ, ಉಪ್ಪಿನಕಾಯಿ ಜಾಡಿ, ಅಪ್ಪನ ಪುಸ್ತಕ.

ಅದಕ್ಕೆ ಒಂದು ವಾರ ನಾನು ಹಳೇ ಮನೇಲಿ ಉಳಿದು ಎರಡು ಪಟ್ಟಿ ಮಾಡಿದೆ. ಒಂದರಲ್ಲಿ, ಯಾರು ಯಾವ ಹೊತ್ತಿಗೆ ಎಲ್ಲಿ ಕೂರ್ತಾರೆ. ಇನ್ನೊಂದರಲ್ಲಿ, ಯಾವ ಸಾಮಾನು ದಿನಾ ಬೇಕು, ಯಾವುದು ತಿಂಗಳಿಗೊಮ್ಮೆ, ಯಾವುದು ವರ್ಷಕ್ಕೊಮ್ಮೆ. ಮೊದಲ ಪಟ್ಟಿಯಿಂದ ಗೊತ್ತಾಗಿದ್ದು, ಹಾಲಿನಲ್ಲಿದ್ದ ದೊಡ್ಡ ಸೋಫಾ ಸೆಟ್ಟಿನಲ್ಲಿ ಆ ವಾರ ಕೂತವರು ಇಬ್ಬರೇ, ಅದೂ ಮದುವೆ ಪತ್ರಿಕೆ ಕೊಡೋಕೆ ಬಂದೋರು. ಮನೆಯವರೆಲ್ಲ ಅಡುಗೆಮನೆ ಬಾಗಿಲ ಸುತ್ತ ಇರ್ತಿದ್ರು. ಹೊಸ ಮನೇಲಿ ಹಾಲು ಸಣ್ಣದಾಯ್ತು, ಊಟದ ಜಾಗ ಜಗಲಿ ಕಡೆ ದೊಡ್ಡದಾಯ್ತು.

ಎರಡನೇ ಪಟ್ಟಿಯಿಂದ ಬಂದದ್ದು ಒಂದು ಗೋಡೆ. ಹಾಲಿಗೂ ಬೆಡ್‌ರೂಮಿಗೂ ನಡುವೆ ಎರಡು ಅಡಿ ದಪ್ಪದ ಕಪಾಟಿನ ಗೋಡೆ, ನೆಲದಿಂದ ಸೂರಿನವರೆಗೆ. ದಿನಾ ಬೇಕಾದ್ದು ಸೊಂಟದ ಎತ್ತರದಲ್ಲಿ, ವರ್ಷಕ್ಕೊಮ್ಮೆ ಬೇಕಾದ್ದು ಅಟ್ಟದ ಎತ್ತರದಲ್ಲಿ. ಹೊರಗಿನಿಂದ ಸಾದಾ ಮರದ ಬಾಗಿಲು. ಅದರ ಮಧ್ಯೆ ತೆರೆದ ಗೂಡು ಒಂದೇ, ದೀಪಕ್ಕೆ. ಸಾಮಾನು ಕಡಿಮೆ ಇರೋ ಮನೆ ಅಂತ ನೋಡಿದವರು ಹೇಳ್ತಾರೆ. ಸಾಮಾನೆಲ್ಲ ಇದೆ, ಪ್ರತಿಯೊಂದಕ್ಕೂ ಒಂದು ಜಾಗ ಇದೆ ಅಷ್ಟೆ. ಈ ಗೋಡೆ ಇಲ್ಲದೆ ಮಿನಿಮಲ್ ಮನೆ ಮಾಡಿದ್ರೆ ಆರು ತಿಂಗಳಲ್ಲಿ ಡೈನಿಂಗ್ ಟೇಬಲ್ಲೇ ಗೋಡೌನ್ ಆಗುತ್ತೆ.

ಬೆಚ್ಚನೆ ಅನ್ನೋದು ಎಲ್ಲಿಂದ ಬರುತ್ತೆ

ಸರಳ ಮನೆ ತಣ್ಣಗೆ ಅನ್ಸೋಕೆ ಮೂರು ಕಾರಣ. ಕಾಲಿಗೆ ಸಿಗೋ ನೆಲ, ಕಿವಿಗೆ ಬೀಳೋ ಪ್ರತಿಧ್ವನಿ, ಕಣ್ಣಿಗೆ ಹೊಡೆಯೋ ಬೆಳಕು.

ನೆಲಕ್ಕೆ ನಾವು ರೆಡ್ ಆಕ್ಸೈಡ್ ಹಾಕಿಸಿದ್ವಿ. ಇದಕ್ಕೆ ಅವಸರ ಕೂಡದು. ಕೆಳಗೆ ಗಟ್ಟಿ ಕಾಂಕ್ರೀಟು, ಮೇಲೆ ಸಿಮೆಂಟಿಗೆ ಕೆಂಪು ಪುಡಿ ಬೆರೆಸಿದ ತೆಳು ಪದರ, ಕರಣೆಯಲ್ಲಿ ಉಜ್ಜಿ ಉಜ್ಜಿ ನುಣುಪು ಮಾಡಬೇಕು. ಪುಡಿ, ಸಿಮೆಂಟು ಪ್ರತಿ ಸಲ ಒಂದೇ ಅಳತೆಯಲ್ಲಿ ಕಲಸದಿದ್ರೆ ಬಣ್ಣ ಬೇರೆ ಬೇರೆ ಬರುತ್ತೆ. ದೊಡ್ಡ ಹಾಲನ್ನ ಒಂದೇ ಪಟ್ಟಾಗಿ ಹಾಕಿದ್ರೆ ಬಿರುಕು ಖಚಿತ, ಅದಕ್ಕೆ ನಡುವೆ ಪಟ್ಟಿ ಕೊಟ್ಟು ಚೌಕ ಚೌಕ ಮಾಡ್ತಾರೆ. ಆಮೇಲೆ ಕನಿಷ್ಠ ಒಂದು ವಾರ ನೀರು ಆರಬಾರದು. ನಮ್ಮನೇಲಿ ಒಂದು ಕೋಣೆಗೆ ಮೂರೇ ದಿನಕ್ಕೆ ಪೇಂಟರುಗಳನ್ನ ಬಿಟ್ವಿ, ಕೂದಲೆಳೆಯಂಥ ಬಿರುಕು ಬಂತು. ಇನ್ನೂ ಹಾಗೇ ಇದೆ. ಉಳಿದ ಕಡೆ ಓಡಾಡಿದಷ್ಟೂ ಹೊಳಪು ಬರ್ತಿದೆ. ಹಳೇ ಕೆಲಸ ಗೊತ್ತಿರೋ ಗಾರೆಯವರು ಸಿಗದಿದ್ರೆ ಇದಕ್ಕೆ ಕೈ ಹಾಕಬೇಡಿ. ಶಹಾಬಾದ್ ಕಲ್ಲು ಹಾಕಿಸಿ, ಅದೂ ಚೆನ್ನಾಗಿರುತ್ತೆ.

ಪ್ರತಿಧ್ವನಿಗೆ ಮದ್ದು ಬಟ್ಟೆ, ಪುಸ್ತಕ, ಮರ. ಹತ್ತಿಯ ಜಮಖಾನ ಒಂದು ಹಾಸಿದ್ರೂ ಕೋಣೆಯ ದನಿ ಬದಲಾಗುತ್ತೆ. ನವಲಗುಂದದ ಜಮಖಾನ ನಮ್ಮ ರಾಜ್ಯದ್ದೇ, ಜಿಐ ಮಾನ್ಯತೆ ಇರೋದು. ಬೆಳಕಿನ ವಿಷಯಕ್ಕೆ ಬಂದ್ರೆ, ಬಲ್ಬಿನ ಡಬ್ಬದ ಮೇಲೆ ಕೆಲ್ವಿನ್ ಅಂತ ಒಂದು ಅಂಕಿ ಇರುತ್ತೆ. 6500 ಅಂದ್ರೆ ನೀಲಿ ಬಿಳುಪು, 2700 ಅಂದ್ರೆ ಹಣತೆ ಕಡೆಗಿನ ಬಣ್ಣ. ಕೂರೋ, ಮಲಗೋ ಜಾಗಕ್ಕೆ 2700, ಅದೂ ಗೋಡೆಯ ಕೆಳಮಟ್ಟದಲ್ಲಿ. ಅಡುಗೆ ಕಟ್ಟೆಗೆ, ಮಕ್ಕಳು ಓದೋ ಮೇಜಿಗೆ ಪ್ರಖರವಾದದ್ದು. ಖರ್ಚೇನೂ ಜಾಸ್ತಿಯಿಲ್ಲ. ನೀವು ಬಾಡಿಗೆ ಮನೇಲಿದ್ರೂ ಇವತ್ತೇ ಮಾಡಬಹುದು.

ಹಿತ್ತಲಿಗೆ ಲಾನ್ ಬೇಡ

ಹಿತ್ತಲಿಗೆ ಲಾನ್ ಹಾಕಲಿಲ್ಲ. ಮಾವಿನ ನೆರಳಲ್ಲಿ ಹುಲ್ಲು ಸರಿಯಾಗಿ ಬರಲ್ಲ, ನೀರೂ ಕುಡಿಯುತ್ತೆ. ಬಿಸಿಲು ಬೀಳೋ ಅಂಚಿನಲ್ಲಿ ಕರಿಬೇವು, ದಾಸವಾಳ, ಮಲ್ಲಿಗೆ. ಬಚ್ಚಲ ನೀರು ಹೋಗೋ ಕಡೆ ಬಾಳೆ. ಅಡುಗೆಮನೆಗೆ ಹತ್ತಿರ ದೊಡ್ಡಪತ್ರೆ, ಮಜ್ಜಿಗೆ ಹುಲ್ಲು. ನಡುವೆ ಹಳೇ ಮನೆಯ ಕಲ್ಲು ಚಪ್ಪಡಿಗಳನ್ನ ಸಂದು ಬಿಟ್ಟು ಹಾಸಿದ್ವಿ, ನೀರು ಇಂಗಲಿ ಅಂತ.

ನೀರಿನ ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್. ನಮ್ಮ ತಾರಸಿ ಸುಮಾರು ನೂರು ಚದರ ಮೀಟರ್. ಮೈಸೂರಿನ ವರ್ಷದ ಮಳೆ 750ರಿಂದ 800 ಮಿಲಿಮೀಟರ್ ಆಸುಪಾಸು. ಹಾಳಾಗೋದನ್ನ ಕಳೆದ್ರೂ ಅರವತ್ತು ಸಾವಿರ ಲೀಟರ್ ಕೈಗೆ ಸಿಗುತ್ತೆ. ಸಂಪು ತುಂಬಿ ಮಿಕ್ಕದ್ದು ಇಂಗುಗುಂಡಿಗೆ.

ಕಷ್ಟಗಳನ್ನೂ ಹೇಳಿಬಿಡ್ತೀನಿ. ಮಾವಿನ ಎಲೆ ದೋಣಿಗೆ ತುಂಬಿಕೊಂಡು ಮಳೆಗಾಲಕ್ಕೆ ಮೊದಲು ಎರಡು ಸಲ ತೆಗೆಸಬೇಕು. ಜುಲೈನಲ್ಲಿ ಜಗಲಿಯ ಅಂಚು ಒದ್ದೆ. ಸಂಜೆ ಆರಕ್ಕೆ ಸೊಳ್ಳೆ ಜಾಲರಿ ಬಾಗಿಲು ಹಾಕದಿದ್ರೆ ಕಥೆ ಮುಗೀತು. ತಮ್ಮನಿಗೆ ಹಾವಿನ ಭಯ. ಹಾಗಾಗಿ ಸೌದೆ, ಇಟ್ಟಿಗೆ ರಾಶಿ ಎಲ್ಲೂ ಬಿಡಲ್ಲ, ಇಲಿ ಸೇರೋ ಜಾಗ ಇಡಲ್ಲ. ಹಿತ್ತಲಿರೋ ಮನೆ ದಿನಾ ಕೆಲಸ ಕೇಳುತ್ತೆ. ಕೆಲಸ ಬೇಡ ಅನ್ನೋರು ಎರಡು ಕುಂಡ ಇಟ್ಕೊಂಡ್ರೆ ಸಾಕು, ಅದರಲ್ಲಿ ನಾಚಿಕೆ ಏನಿಲ್ಲ.

ಅಮ್ಮ ಕೂತದ್ದು ಎಲ್ಲಿ?

ಗೃಹಪ್ರವೇಶ ಆದ ಮಾರನೇ ಬೆಳಗ್ಗೆ ನಾನು ಬೇಗ ಎದ್ದೆ. ಅಮ್ಮನಿಗೆ ಅಂತಲೇ ಜಗಲಿಯ ಉತ್ತರದ ಮೂಲೆಯಲ್ಲಿ ಒರಗಿಕೊಳ್ಳೋಕೆ ಓರೆ ಗೋಡೆ, ಲೋಟ ಇಡೋಕೆ ಗೂಡು, ಎಲ್ಲ ಮಾಡಿದ್ದೆ. ಅಮ್ಮ ಅಲ್ಲಿರಲಿಲ್ಲ. ಜಗಲಿ ಇಳಿಯೋ ಮೆಟ್ಟಿಲ ಮೇಲೆ, ಕಂಬಕ್ಕೆ ಒರಗಿ ಕೂತಿದ್ರು. "ಅಲ್ಲೇಕೆ ಕೂತೆ, ನಿನಗೆ ಅಂತ ಜಾಗ ಮಾಡಿದ್ದೀನಲ್ಲ" ಅಂದೆ.

"ಅಲ್ಲಿ ಕೂತ್ರೆ ಮರ ಕಾಣುತ್ತೆ ಕಣೇ, ಗೇಟು ಕಾಣಲ್ಲ. ಇಲ್ಲಿ ಎರಡೂ ಕಾಣುತ್ತೆ. ಹಾಲಿನವನು ಬಂದ್ರೆ ಗೊತ್ತಾಗ್ಬೇಕಲ್ಲ" ಅಂದ್ರು.

ಅವರು ಹೇಳಿದ್ದು ಸರಿ. ಬಾಗಿಲುಗಳನ್ನ ಒಂದೇ ಗೆರೆಯಲ್ಲಿ ಇಟ್ಟವಳು ನಾನೇ, ಗಾಳಿಗೆ ಅಂತ. ಅದು ಅಮ್ಮನಿಗೆ ಬೇರೆಯದಕ್ಕೇ ಉಪಯೋಗ ಆಯ್ತು. ನಾನು ಮಾಡಿದ ಮೂಲೆಯಲ್ಲಿ ಈಗ ತಮ್ಮ ಕೂತು ಲ್ಯಾಪ್‌ಟಾಪ್ ಒತ್ತುತ್ತಾನೆ. ಮೊನ್ನೆ ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಫೋನ್ ಮಾಡಿದ್ದ. ಪಕ್ಕದ ಮನೆಯವರು ಎರಡನೇ ಏಸಿ ಹಾಕಿಸ್ತಿದ್ದಾರಂತೆ. "ನಾವು ಜಗಲಿ ಮೇಲೆ ಮಾವಿನಕಾಯಿ ಹೆಚ್ತಿದ್ದೀವಿ ಅಕ್ಕಾ" ಅಂದ. ಕಂತಿನ ವಿಷಯ ಎತ್ತಲಿಲ್ಲ. ಅದಿನ್ನೂ ನಡೀತಿದೆ, ಅದು ನನಗೂ ಗೊತ್ತು.

ಕೇಳುಗರೇ, ಮನೆ ಕಟ್ಟೋ ಯೋಚನೆ ನಿಮಗಿದ್ರೆ, ಪ್ಲಾನು ಬರೆಸೋಕೆ ಮೊದಲು ಒಂದು ವಾರ ಒಂದು ಕೆಲಸ ಮಾಡಿ. ಈಗ ಇರೋ ಮನೆಯಲ್ಲಿ ಯಾರು ಎಲ್ಲಿ ಕೂರ್ತಾರೆ, ಬಿಸಿಲು ಯಾವ ಹೊತ್ತಿಗೆ ಎಲ್ಲಿ ಬೀಳುತ್ತೆ, ಬರೆದಿಡಿ. ಮನೆಯ ಹಿರಿಯರನ್ನ ಕೇಳಿ, ಬೆಳಗಿನ ಕಾಫಿ ಎಲ್ಲಿ ಅಂತ. ಆರ್ಕಿಟೆಕ್ಟ್ ಹತ್ತಿರ ಹೋಗುವಾಗ ಮೊಬೈಲಿನ ಫೋಟೊಗಳ ಜೊತೆ ಆ ಹಾಳೆಯನ್ನೂ ತಗೊಂಡು ಹೋಗಿ.